ಬಸರಿ ಮರದ ಹತ್ತಿರ ಕೂತು ಎಣಿಸಿದ್ದು

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನೆರಳಿನ ಮರಗಳಲ್ಲಿ ಎಷ್ಟು ಜಾತಿ ಇವೆ ನೋಡೋಣ ಅಂತ ಒಂದು ಎಕರೆಯನ್ನು ಪೂರ್ತಿ ಎಣಿಸಿದೆ. ಬುಡಕ್ಕೆ ಸುಣ್ಣದಲ್ಲಿ ನಂಬರ್, ನೋಟ್‌ಬುಕ್ಕಿನಲ್ಲಿ ಹೆಸರು, ಅಷ್ಟೇ. 14 ಜಾತಿ ಸಿಕ್ಕವು. ಖುಷಿಯಾಯಿತು. ಆಮೇಲೆ ನೋಡಿದರೆ 92 ಮರಗಳಲ್ಲಿ 61 ಸಿಲ್ವರ್ ಓಕ್! ಹಲಸು, ನೇರಳೆ, ಮತ್ತಿ, ಹೊನ್ನೆ ಎಲ್ಲ ಕೆಲವೇ ಕೆಲವು. ಪಟ್ಟಿ ಉದ್ದ ಇದ್ದರೆ ಸಾಲದು, ಯಾವುದು ಎಷ್ಟಿದೆ ಅಂತಲೂ ನೋಡಬೇಕು ಅಲ್ವಾ?

ಅತ್ತಿ, ಆಲದ ಬಳಗದ ಬಸರಿ ಇದ್ದಿದ್ದು ಒಂದೇ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು ಬಂದವರು, "ಅಮ್ಮಾ, ಇದನ್ನ ತೆಗೆದುಬಿಡೋಣ್ವಾ? ಮೋಪಿಗೂ ಆಗಲ್ಲ" ಎಂದರು. ನಾನೂ ಹೂಂ ಅನ್ನುವುದರಲ್ಲಿದ್ದೆ. ಮರದ ತುಂಬ ಕಾಯಿ ಕಂಡಿತು. ಹಣ್ಣು ಮುಗಿಯಲಿ ಅಂದೆ.

ಮೂರು ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಸ್ವಲ್ಪ ದೂರದಲ್ಲಿ ಸುಮ್ನೆ ಕೂತೆ. ಕುಟ್ರು ಹಕ್ಕಿ, ಹಸಿರು ಪಾರಿವಾಳ, ಪಿಕಳಾರ, ಮಂಗಟ್ಟೆ, ಕೆಂಜಳಿಲು ಎಲ್ಲ ಬಂದವು. ಪಕ್ಕದ ಓಕ್ ಮೇಲೆ ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬಿದೆ, ಅದನ್ನು ದೂರುವುದಿಲ್ಲ. ಆದರೆ ಹಣ್ಣು ಹುಡುಕಿ ಬಂದವರಿಗೆ ಅದರಲ್ಲಿ ಏನೂ ಇಲ್ಲ.

ಒಂದು ಕಾಯಿ ಉಗುರಿನಲ್ಲಿ ಸೀಳಿದೆ. ಕಡಲೆಕಾಳಿನಷ್ಟು ದಪ್ಪ. ಒಳಗೆ ಸಾಸಿವೆಗಿಂತ ಚಿಕ್ಕ ಕಣಜಗಳು ಹರಿದಾಡುತ್ತಿದ್ದವು. ಬಸರಿಯ ಪರಾಗ ಸಾಗಿಸುವುದು ಇವೇ. ರೆಕ್ಕೆ ಬಂದು ಹೊರಬಿದ್ದ ಕಣಜ ಬದುಕುವುದು ಒಂದೆರಡು ದಿನ. ಅಷ್ಟರೊಳಗೆ ಎಳೆ ಕಾಯಿ ಬಿಟ್ಟ ಇನ್ನೊಂದು ಬಸರಿ ಸಿಗಬೇಕು. ಅದಕ್ಕೇ ಇವು ಎಲ್ಲ ಒಟ್ಟಿಗೆ ಕಾಯಿ ಬಿಡುವುದಿಲ್ಲ. ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಎಲ್ಲೋ ಒಂದು ಮರ ಹಣ್ಣಾಗಿರುತ್ತದೆ, ಹಕ್ಕಿಗಳು ಅದನ್ನು ನಂಬಿ ಬದುಕುತ್ತವೆ.

ಆಗ ನೆನಪಾಗಿದ್ದು ಪರಿಸರ ವಿಜ್ಞಾನಿ ರಾಬರ್ಟ್ ಪೇಯ್ನ್. 1963ರಲ್ಲಿ ಅಮೆರಿಕದ ವಾಷಿಂಗ್ಟನ್ ಕರಾವಳಿಯ ಒಂದು ಬಂಡೆಯಿಂದ ಅವರು ನಕ್ಷತ್ರ ಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆಯಲು ಶುರುಮಾಡಿದರು. ತಿನ್ನುವವರಿಲ್ಲದೆ ಚಿಪ್ಪುಜೀವಿಗಳು ಜಾಗವನ್ನೆಲ್ಲ ಹಿಡಿದವು. 15 ಜಾತಿ ಇದ್ದಲ್ಲಿ 8 ಉಳಿದವು. ಅಲ್ಲಿ ತಿನ್ನುವವನು ಹೋದ, ನನ್ನ ತೋಟದಲ್ಲಿ ಉಣಿಸುವವಳನ್ನೇ ಕಡಿಸಲು ಹೊರಟಿದ್ದೆ.

ಬಸರಿಯ ಬುಡದಲ್ಲಿ ಎರಡು ರಾಮಪತ್ರೆ ಸಸಿಗಳೂ ಸಿಕ್ಕವು. ನಮ್ಮ ತೋಟದಲ್ಲಿ ಆ ಮರವೇ ಇಲ್ಲ. ಮಂಗಟ್ಟೆಯೇ ತಂದು ಹಾಕಿರಬೇಕು.

ಈ ಮಳೆಗಾಲ ಬಸರಿ ಮತ್ತು ಅದೇ ಬಳಗದ ಗೋಣಿ ಮರದ ಗೂಟಗಳನ್ನು ನೆಟ್ಟೆ. ಒಂದೇ ಮರದ ಗೂಟಗಳಾದರೆ ಎಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಹಣ್ಣಾಗಬಹುದು ಅನ್ನಿಸಿತು. ಅದಕ್ಕೆ ಬೇರೆ ಬೇರೆ ಊರಿನ ಮರಗಳಿಂದ ತಂದೆ. ಐದರಲ್ಲಿ ಮೂರು ಚಿಗುರಿವೆ.