ಕ್ರ್ಯಾಗ್‌ಸೈಡ್: ಒಂದು ಮನೆಯ ಚರಿತ್ರೆಯನ್ನು ನೀರಿನ ಜಾಡು ಹಿಡಿದು ಕಟ್ಟಿದ ಬಗೆ

ಹಳೆಯ ಮನೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕ್ರಯಪತ್ರದಿಂದ ಶುರುಮಾಡುತ್ತಾರೆ. ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡ್‌ನಲ್ಲಿ, ರಾತ್‌ಬರಿ ಊರಿನ ಪಕ್ಕದ ಗುಡ್ಡದ ಮೇಲಿರುವ ಕ್ರ್ಯಾಗ್‌ಸೈಡ್ ಮನೆಯ ವಿಷಯದಲ್ಲಿ ನಾನು ಹಿಡಿದದ್ದು ನೀರಿನ ದಾರಿ. ಇದರ ಒಡೆಯ ವಿಲಿಯಂ ಆರ್ಮ್‌ಸ್ಟ್ರಾಂಗ್ (1810–1900). ವಕೀಲಿ ಬಿಟ್ಟು ಎಂಜಿನಿಯರ್ ಆದವರು. ನೀರಿನ ಒತ್ತಡದಿಂದ ನಡೆಯುವ ಕ್ರೇನ್ ಮತ್ತು ಆರ್ಮ್‌ಸ್ಟ್ರಾಂಗ್ ಫಿರಂಗಿ ಅವರ ಹೆಸರಿಗಿವೆ. 1863ರಲ್ಲಿ ಸಣ್ಣ ಬೇಟೆಮನೆಯಾಗಿ ಶುರುವಾದದ್ದನ್ನು 1869ರಿಂದ ಸುಮಾರು ಹದಿನೈದು ವರ್ಷ ಕಾಲ ವಾಸ್ತುಶಿಲ್ಪಿ ರಿಚರ್ಡ್ ನಾರ್ಮನ್ ಶಾ ಹಂತಹಂತವಾಗಿ ಬೆಳೆಸಿದರು. ಕೋಣೆಗಳು ಬೆಳೆದ ಹಾಗೆ ಕೆರೆಗಳೂ ಬೆಳೆದವು. ಹಾಗಾಗಿ ಇಲ್ಲಿ ಗೋಡೆಯಷ್ಟೇ ಒಡ್ಡೂ ದಾಖಲೆ.

ಮೊದಲು ನಕ್ಷೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ಅಳತೆಯ ಹಾಳೆಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಮೋಜಣಿಯ ಹಾಳೆಯನ್ನೂ 1890ರ ದಶಕದ ಪರಿಷ್ಕೃತ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೀಲಿ ಪೆನ್ಸಿಲ್‌ನಲ್ಲಿ ನೀರನ್ನು ಮಾತ್ರ ತಿದ್ದಿಕೊಂಡೆ: ಟಂಬಲ್ಟನ್, ಡೆಬ್ಡನ್, ಗುಡ್ಡದ ನೆತ್ತಿಯ ನೆಲ್ಲೀಸ್ ಮಾಸ್ ಜೋಡಿ ಕೆರೆಗಳು. ಒಂದು ಎಚ್ಚರಿಕೆ: ಹಾಳೆಯ ಅಂಚಿನಲ್ಲಿ ಮೋಜಣಿಯ ವರ್ಷ, ಅಚ್ಚಾದ ವರ್ಷ ಬೇರೆಬೇರೆ ಇರುತ್ತವೆ. ಅಚ್ಚಿನ ವರ್ಷ ಹಿಡಿದರೆ ಒಡ್ಡಿನ ವಯಸ್ಸು ತಪ್ಪುತ್ತದೆ.

ಟಂಬಲ್ಟನ್ ನೀರಿನ ಕೆಲಸ ದೀಪಕ್ಕಿಂತ ಹಳೆಯದು. ಕೆರೆಯ ನೀರಿನ ಒತ್ತಡದಿಂದಲೇ ನಡೆಯುವ ಪಂಪು ಊಟೆಯ ನೀರನ್ನು ಮನೆಯ ಮೇಲಿನ ತೊಟ್ಟಿಗೆ ಏರಿಸುತ್ತಿತ್ತು. ಮನೆಯೊಳಗಿನ ಲಿಫ್ಟ್, ಅಡುಗೆಮನೆಯಲ್ಲಿ ಮಾಂಸ ಸುಡುವ ಸರಳು ತಿರುಗುತ್ತಿದ್ದುದೂ ನೀರಿನ ಒತ್ತಡದಿಂದಲೇ.

ಇನ್ನು ದೀಪ. ಇಲ್ಲಿ ಮೂರು ಇಸವಿಗಳನ್ನು ಒಂದಾಗಿ ಕಲಸುವುದೇ ಎಲ್ಲೆಲ್ಲೂ ಕಾಣುವ ತಪ್ಪು. 1878ರಲ್ಲಿ ಚಿತ್ರಶಾಲೆಯಲ್ಲಿ ಉರಿದದ್ದು ಒಂದು ಆರ್ಕ್ ದೀಪ, ಅಂದರೆ ಎರಡು ಇದ್ದಿಲ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಗುವ ದೀಪ. ಜಲವಿದ್ಯುತ್ತಿನಿಂದ ಬೆಳಗಿದ ಮೊದಲ ಮನೆ ಎಂಬ ಹೆಸರಿಗೆ ಆಧಾರ ಅದು. 1880ರ ಕೊನೆಯಲ್ಲಿ ಬಂದದ್ದು ಜೋಸೆಫ್ ಸ್ವಾನ್ ಅವರ ಗಾಜಿನ ಬಲ್ಬು. 1886ರಲ್ಲಿ ಬಂದದ್ದು ಬರ್ನ್‌ಫುಟ್ ವಿದ್ಯುತ್ ಮನೆ. ಮೂರಕ್ಕೂ ಬೇರೆ ಬೇರೆ ಟಿಪ್ಪಣಿ ಹಾಳೆ ಇಟ್ಟುಕೊಳ್ಳಿ.

1880ರ ಹಾಳೆಗೆ ಅತ್ಯುತ್ತಮ ಆಧಾರ ಆರ್ಮ್‌ಸ್ಟ್ರಾಂಗ್ ಅವರೇ ಬರೆದು, 1881ರ ಜನವರಿಯಲ್ಲಿ ‘ದಿ ಎಂಜಿನಿಯರ್’ ಪತ್ರಿಕೆಯಲ್ಲಿ ಅಚ್ಚಾದ ಕಾಗದ. ಅಲ್ಲಿರುವ ಅಂಕಿಗಳು ಇವು: ನೀರು ಬೀಳುವ ಎತ್ತರ 29 ಅಡಿ, ಟರ್ಬೈನ್ 6 ಅಶ್ವಶಕ್ತಿ, ಸೀಮೆನ್ಸ್ ಡೈನಮೊ, ಮನೆಗೆ ದೂರ 1,500 ಗಜ, ತಂತಿ ಬರ್ಮಿಂಗ್‌ಹ್ಯಾಮ್ ಗೇಜ್ (ತಂತಿಯ ದಪ್ಪ ಹೇಳುವ ಪಟ್ಟಿ) 1ರ ತಾಮ್ರ, ಒಟ್ಟು 45 ದೀಪ, ಏಕಕಾಲಕ್ಕೆ 37, ಒಂದೊಂದರ ಬೆಳಕು ಸುಮಾರು 25 ಕ್ಯಾಂಡಲ್ (ಮೇಣದಬತ್ತಿಯ ಬೆಳಕಿನ ಅಳತೆ). ಕಾಗದವನ್ನು ಓದಿ ಬಿಡದೆ ಲೆಕ್ಕ ಹಾಕಿ ನೋಡಿದರೆ ಮನೆಯೇ ಬೇರೆಯಾಗಿ ಕಾಣುತ್ತದೆ.

29 ಅಡಿ ಎಂದರೆ 8.84 ಮೀಟರ್. 6 ಅಶ್ವಶಕ್ತಿ ಸುಮಾರು 4.5 ಕಿಲೋವ್ಯಾಟ್. ಟರ್ಬೈನ್ ದಕ್ಷತೆ ನೂರಕ್ಕೆ 70 ಎಂದು ಹಿಡಿದೆ. ಸೆಕೆಂಡಿಗೆ ಬೇಕಾಗುವ ನೀರು ಸುಮಾರು 74 ಲೀಟರ್. ಸಂಜೆ ಐದು ಗಂಟೆ ದೀಪ ಉರಿಸಿದರೆ 13 ಲಕ್ಷ ಲೀಟರಿಗೂ ಹೆಚ್ಚು. ಬೇಸಿಗೆಯ ಸಣ್ಣ ಹಳ್ಳ ಇಷ್ಟನ್ನು ನೇರವಾಗಿ ಕೊಡುವುದು ಕಷ್ಟ. ಹಗಲೆಲ್ಲ ನಿಲ್ಲಿಸಿಟ್ಟು ಸಂಜೆ ಬಿಡುವ ಡೆಬ್ಡನ್ ಒಡ್ಡು ಸೊಗಸಿಗೆ ಕಟ್ಟಿದ್ದಲ್ಲ ಎನ್ನಲು ಈ ಲೆಕ್ಕವೇ ಸಾಕು.

ತಂತಿಯ ಲೆಕ್ಕದಲ್ಲಿ ಎಡವುವವರು ಹೆಚ್ಚು. ಕರೆಂಟು ಹೋಗಿ ಮರಳಬೇಕು, ಆದ್ದರಿಂದ ಉದ್ದ 3,000 ಗಜ, ಅಂದರೆ 2,743 ಮೀಟರ್. ಗೇಜ್ ಪಟ್ಟಿಯೂ ಸರಿಯಾದದ್ದೇ ಬೇಕು: ಬರ್ಮಿಂಗ್‌ಹ್ಯಾಮ್ 1 ಎಂದರೆ 7.62 ಮಿ.ಮೀ. ವ್ಯಾಸ, ಅಮೆರಿಕದ ಪಟ್ಟಿಯ 1 ಎಂದರೆ 7.35. ಅಡ್ಡಕೊಯ್ತದ ವಿಸ್ತೀರ್ಣ 45.6 ಚದರ ಮಿ.ಮೀ. ಈಗಿನ ಶುದ್ಧ ತಾಮ್ರದ ಲೆಕ್ಕಕ್ಕೆ ಪ್ರತಿರೋಧ 1 ಓಮ್‌ಗಿಂತ ತುಸು ಹೆಚ್ಚು. ಅಂದಿನ ತಾಮ್ರಕ್ಕೆ ಇನ್ನೂ ಹೆಚ್ಚಿದ್ದೀತು. 20 ಆಂಪಿಯರ್ ಹರಿಸಿದರೆ 20 ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ, 400 ವ್ಯಾಟ್ ತಂತಿ ಬಿಸಿಯಾಗುವುದಕ್ಕೇ ಹೋಗುತ್ತದೆ. ಇಷ್ಟಾಗಿಯೂ ಆ ತಂತಿಯ ತೂಕ 1,100 ಕಿಲೋಗೂ ಮೇಲೆ! ದೂರ ಇದರ ನೂರರಷ್ಟಾದರೆ ಈ ದಾರಿ ನಡೆಯುವುದೇ ಇಲ್ಲ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ವಿದ್ಯುತ್ ಒಯ್ದದ್ದು ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜ್ ಏರಿಸಿದ ಎಸಿ (ದಿಕ್ಕು ಬದಲಿಸುತ್ತ ಹರಿಯುವ ಕರೆಂಟು) ಆದ್ದರಿಂದಲೇ.

45 ದೀಪವಿದ್ದೂ 37 ಮಾತ್ರ ಉರಿಸುತ್ತಿದ್ದುದೇಕೆ? ಎಲ್ಲ ಕೋಣೆಯನ್ನೂ ಒಟ್ಟಿಗೆ ಬಳಸುತ್ತಿರಲಿಲ್ಲ, ಒಂದು ಕೋಣೆಯ ಕರೆಂಟನ್ನು ಇನ್ನೊಂದಕ್ಕೆ ತಿರುಗಿಸುತ್ತಿದ್ದರು. ಇದರಲ್ಲಿ ಮಿತವ್ಯಯಕ್ಕಿಂತ ದೊಡ್ಡ ಲಾಭವೊಂದಿದೆ ಎಂಬುದು ನನ್ನ ತೀರ್ಮಾನ. ಕಿರು ಜಲವಿದ್ಯುತ್ತಿನಲ್ಲಿ ಕೈಯಾಡಿಸಿದವರಿಗೆ ಗೊತ್ತು: ಹೊರೆ ಇಳಿದೊಡನೆ ಟರ್ಬೈನ್ ಓಟ ಹೆಚ್ಚಿ, ಉಳಿದ ಬಲ್ಬುಗಳು ಸುಟ್ಟುಹೋಗುವ ಭಯ. ಆರಿಸುವ ಬದಲು ತಿರುಗಿಸಿದರೆ ಹೊರೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಗ್ರಂಥಾಲಯದ ಎಂಟು ದೀಪಗಳಲ್ಲಿ ನಾಲ್ಕು ಸೂರಿನಿಂದ ಇಳಿಬಿಟ್ಟ ಒಂದೇ ಗಾಜಿನ ಗೋಳದಲ್ಲಿ. ಉಳಿದ ನಾಲ್ಕು, ಹಿಂದೆ ಸೀಮೆಎಣ್ಣೆ ದೀಪಕ್ಕೆ ಪೀಠವಾಗಿದ್ದ ತಾಮ್ರದ ಎನಾಮಲ್ ಹೂದಾನಿಗಳ ಮೇಲೆ. ನನಗೆ ಇಡೀ ಮನೆಯಲ್ಲಿ ಅತ್ಯಂತ ಪ್ರಿಯವಾದದ್ದು ಇವುಗಳ ಜೋಡಣೆ. ಪೀಠದ ನಡುವೆ ನಿರೋಧಕದಲ್ಲಿ ಕೂರಿಸಿದ ಪುಟ್ಟ ಪಾದರಸದ ಬಟ್ಟಲು. ಹೂದಾನಿಯ ತಳದಿಂದ ಇಳಿದ ತಂತಿಯ ಬೆತ್ತಲೆ ತುದಿ ಅದರಲ್ಲಿ ಮುಳುಗುತ್ತದೆ; ಕರೆಂಟು ಒಳಗಿನಿಂದ ದೀಪಕ್ಕೆ ಏರಿ, ಹೂದಾನಿಯ ತಾಮ್ರದ ಮೈಯಲ್ಲೇ ಮರಳುತ್ತದೆ. ಹೂದಾನಿ ಎತ್ತಿದರೆ ದೀಪ ಆರುತ್ತದೆ, ಇಟ್ಟರೆ ಹೊತ್ತುತ್ತದೆ. ಇದರ ಮಾದರಿ ಮಾಡುವ ಆಸೆಯಿದ್ದರೆ 6 ವೋಲ್ಟ್ ಬ್ಯಾಟರಿ ಬಳಸಿ, ಪಾದರಸದ ಜಾಗದಲ್ಲಿ ಹಿತ್ತಾಳೆಯ ಸ್ಪ್ರಿಂಗ್ ಇಡಿ. ಪಾದರಸದ ಆವಿ ವಿಷ. ಮನೆಯ ಲೈನಿಗೆ ಕೊಟ್ಟರಂತೂ ಹೂದಾನಿ ಮುಟ್ಟಿದವರ ಪ್ರಾಣಕ್ಕೇ ಸಂಚಕಾರ.

1886ರ ಹಾಳೆಗೆ ಒಂದೇ ಅಂಕಿ ಸಾಕು. ನೆಲ್ಲೀಸ್ ಮಾಸ್‌ನಿಂದ ಬರ್ನ್‌ಫುಟ್‌ಗೆ ಇಳಿತ ಸುಮಾರು 340 ಅಡಿ. ಅದೇ 6 ಅಶ್ವಶಕ್ತಿಗೆ ಈಗ ಬೇಕಾದ ನೀರು ಸೆಕೆಂಡಿಗೆ 6.3 ಲೀಟರ್, ಮೊದಲಿನದರ ಸುಮಾರು ಹನ್ನೆರಡರಲ್ಲಿ ಒಂದು ಭಾಗ. ಹೆಚ್ಚಿನ ಕೋಣೆಗಳಿಗೂ ದೀಪಕೊಡಲು ಆರ್ಮ್‌ಸ್ಟ್ರಾಂಗ್ ದೊಡ್ಡ ಹಳ್ಳ ಹುಡುಕಲಿಲ್ಲ, ಎತ್ತರ ಹುಡುಕಿದರು.

ಮನೆ 1977ರಲ್ಲಿ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಕೈಗೆ ಬಂತು, 1979ರಲ್ಲಿ ಜನರಿಗೆ ತೆರೆಯಿತು. 2014ರಲ್ಲಿ ಟಂಬಲ್ಟನ್ ಕೆರೆಯ ಬಳಿ 17 ಮೀಟರ್ ಉದ್ದದ, ಸುಮಾರು 12 ಕಿಲೋವ್ಯಾಟ್ ಕೊಡುವ ಆರ್ಕಿಮಿಡೀಸ್ ಸ್ಕ್ರೂ (ಇಳಿಯುವ ನೀರು ತಿರುಗಿಸುವ ಸುರುಳಿ ಯಂತ್ರ) ಕೂರಿಸಿದ್ದಾರೆ. ನೋಡಲು ಹೋಗುವವರು ಅದರಿಂದ, ಬರ್ನ್‌ಫುಟ್‌ನಿಂದ ಶುರುಮಾಡಿ ಕೊನೆಗೆ ಗ್ರಂಥಾಲಯಕ್ಕೆ ಹೋಗಲಿ. ಕರೆಂಟು ಮನೆಗೆ ಬಂದದ್ದು ಆ ದಿಕ್ಕಿನಿಂದ.