ದಶಮಾಂಶ: ಹತ್ತರಲ್ಲಿ ಒಂದು ಪಾಲು ತೆಗೆದಿಡುವುದು ಹೇಗೆ?

ಹಾಲಿನ ಲೆಕ್ಕ, ಮಕ್ಕಳ ಫೀಸು, ಗ್ಯಾಸು, ಸಂಘದ ಕಂತು. ಇವೆಲ್ಲ ಮುಗಿದ ಮೇಲೆ ಉಳಿದದ್ದನ್ನು ದೇವರಿಗೆ ಕೊಡೋಣ ಅಂದುಕೊಂಡರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ದಶಮಾಂಶದ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ತೆಗೆದಿಡಬೇಕು, ಮಿಕ್ಕಿದ್ದರಲ್ಲಿ ಮನೆ ನಡೆಸಬೇಕು. ಕ್ರೈಸ್ತ ಕುಟುಂಬವೊಂದು ಇದನ್ನು ಹೊಸದಾಗಿ ಶುರು ಮಾಡುವುದಾದರೆ ಎಲ್ಲಿಂದ ಹೊರಡಬೇಕು, ನೋಡೋಣ.

ಮೊದಲು ಓದಿಕೊಳ್ಳಿ

ಯುದ್ಧ ಗೆದ್ದು ಬಂದ ಅಬ್ರಾಮನು ಸಾಲೇಮಿನ ಅರಸ ಮೆಲ್ಕೀಚೆದೆಕನಿಗೆ ಹತ್ತರಲ್ಲಿ ಒಂದು ಪಾಲು ಕೊಟ್ಟದ್ದು ಬೈಬಲ್ಲಿನ ಆದಿಕಾಂಡ 14ನೇ ಅಧ್ಯಾಯದಲ್ಲಿದೆ. ಆಗಿನ್ನೂ ಮೋಶೆಯ ಧರ್ಮಶಾಸ್ತ್ರವೇ ಬಂದಿರಲಿಲ್ಲ. ಮುಂದೆ ಕಾಳು, ಹಣ್ಣು, ದನಕುರಿಗಳಲ್ಲಿ ಹತ್ತನೇ ಪಾಲು ಕೊಡಬೇಕೆಂಬ ನಿಯಮ ಬಂತು. ಆ ಪಾಲು ದೇವರ ಗುಡಾರದ ಸೇವೆಗೆ ನಿಂತ ಲೇವಿ ಕುಲದವರಿಗೆ, ಅಂದರೆ ಲೇವಿಯರಿಗೆ ಸೇರುತ್ತಿತ್ತು, ಯಾಕೆಂದರೆ ಅವರಿಗೆ ಹೊಲ ಇರಲಿಲ್ಲ. ಬಂದದ್ದರಲ್ಲಿ ಲೇವಿಯರೂ ಹತ್ತನೇ ಪಾಲು ಕೊಡಬೇಕಿತ್ತು. ಪಾಲು ಪಡೆದ ಅವರಿಗೂ ಕೊಡುವುದರಿಂದ ವಿನಾಯಿತಿ ಇರಲಿಲ್ಲ.

ಧರ್ಮೋಪದೇಶಕಾಂಡ 14ನೇ ಅಧ್ಯಾಯದ ಕೊನೆಯ ವಚನಗಳನ್ನು ಮಾತ್ರ ಬಿಡಬೇಡಿ. ಮೂರು ವರ್ಷಕ್ಕೊಮ್ಮೆ ಆ ಹತ್ತನೇ ಪಾಲನ್ನು ನಿಮ್ಮ ಊರಲ್ಲೇ ಕೂಡಿಡಿ, ಲೇವಿಯರ ಜೊತೆಗೆ ಪರದೇಶದವರು, ತಂದೆ ಇಲ್ಲದ ಮಕ್ಕಳು, ವಿಧವೆಯರು ಬಂದು ಹೊಟ್ಟೆ ತುಂಬ ಉಣ್ಣಲಿ ಎಂದು ಅಲ್ಲಿ ಹೇಳಿದೆ. ಹತ್ತನೇ ಪಾಲನ್ನೆಲ್ಲ ಬಂಡಾರಕ್ಕೆ ತನ್ನಿ ಎಂಬ ಮಲಾಕಿಯ 3ನೇ ಅಧ್ಯಾಯದ ಮಾತು ಚರ್ಚಿನ ಪ್ರಸಂಗದಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಈ ಮೂರನೇ ವರ್ಷದ ಪಾಲಿನ ಮಾತು ಅಷ್ಟು ಕೇಳಿಸುವುದಿಲ್ಲ. ಅದೂ ಅಷ್ಟೇ ಜೋರಾಗಿ ಕೇಳಿಸಬೇಕು ಅನ್ನುವುದು ನನ್ನ ಆಸೆ.

ಇನ್ನು ಹೊಸ ಒಡಂಬಡಿಕೆ. ಸೊಪ್ಪು, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ಕೊಟ್ಟು, ನ್ಯಾಯ ಮತ್ತು ಕರುಣೆಯನ್ನು ಬಿಟ್ಟವರನ್ನು ಯೇಸು ಗದರಿಸಿದ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ ಎಂದು ಪೌಲನು ಕೊರಿಂಥದವರಿಗೆ ಬರೆದ. ಬೇಸರದಿಂದ ಬೇಡ, ಬಲವಂತಕ್ಕೂ ಬೇಡ ಅಂತಲೂ ಸೇರಿಸಿದ. ಹೀಗಾಗಿ ಎಲ್ಲ ಸಭೆಗಳೂ (ಚರ್ಚುಗಳೂ) ಒಂದೇ ರೀತಿ ನಡೆಸುವುದಿಲ್ಲ. ಕಥೋಲಿಕರಲ್ಲಿ ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ಕರ್ತವ್ಯ, ಆದರೆ ಶೇಕಡಾ 10 ಎಂಬ ಕಟ್ಟುಪಾಡಿಲ್ಲ. ಪೆಂತೆಕೋಸ್ತ್ ಸಭೆಗಳಲ್ಲಿ ಹತ್ತನೇ ಪಾಲಿಗೆ ಒತ್ತು ಜಾಸ್ತಿ. ನಿಮ್ಮ ಸಭೆಯ ಪದ್ಧತಿ ಏನು ಅಂತ ಫಾದರನ್ನೋ ಪಾಸ್ಟರನ್ನೋ ಒಮ್ಮೆ ಕೇಳಿಬಿಡಿ.

ಲೆಕ್ಕ ಹಾಕುವುದು

ಇದಕ್ಕೆ ಗಂಡ ಹೆಂಡತಿ ಇಬ್ಬರೂ ಕೂತುಕೊಳ್ಳಬೇಕು. ಒಬ್ಬರೇ ತೀರ್ಮಾನ ಮಾಡಿದರೆ ಎರಡನೇ ತಿಂಗಳಿಗೇ ಮನಸ್ತಾಪ ಶುರುವಾಗುತ್ತದೆ.

ಕೂಲಿಯವರ ಲೆಕ್ಕ ಸುಲಭ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಯುವವರಿಗೆ ವಾರಕ್ಕೆ 3,500 ರೂಪಾಯಿ ಬಂತು ಅನ್ನಿ, 350 ಬೇರೆ ಇಡುವುದು. ನೌಕರರಿಗೆ ಒಂದು ಗೊಂದಲ ಇದೆ: ಪೂರ್ತಿ ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ? ಬೈಬಲ್ಲಿನಲ್ಲಿ ಇದಕ್ಕೆ ನೇರ ಉತ್ತರ ಇಲ್ಲ. ಕೈಗೆ ಬಂದದ್ದರಿಂದ ಶುರು ಮಾಡಿ. ಪಿಎಫ್ ಹಣ ಕೈಗೆ ಬಂದ ದಿನ ಅದರ ಪಾಲು ಕೊಟ್ಟರಾಯಿತು.

ರೈತರ ಲೆಕ್ಕಕ್ಕೆ ಸ್ವಲ್ಪ ತಾಳ್ಮೆ ಬೇಕು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಎರಡು ಎಕರೆ ಭತ್ತ ಇದೆ ಅಂದುಕೊಳ್ಳಿ. 75 ಕೆಜಿಯ 70 ಚೀಲ ಬಂತು, ಚೀಲಕ್ಕೆ 1,600 ಸಿಕ್ಕಿತು. ಒಟ್ಟು 1,12,000 ರೂಪಾಯಿ. ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ (ಕೀಟನಾಶಕ), ನಾಟಿ, ಕಟಾವು ಮಷಿನ್ನು ಸೇರಿ ಖರ್ಚು 70,000 ಅಂತಿಟ್ಟುಕೊಳ್ಳಿ. ಉಳಿದದ್ದು 42,000, ಅದರ ಹತ್ತನೇ ಪಾಲು 4,200. ಖರ್ಚು ಕಳೆಯದೆ ರಾಶಿಯ ಮೇಲೆಯೇ 11,200 ಕೊಡುವವರೂ ಇದ್ದಾರೆ. ಅದು ಅವರ ವಿಶ್ವಾಸ, ದೊಡ್ಡ ಮನಸ್ಸು. ಆದರೆ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಹೇಳಿದ ದುಡ್ಡು ನಿಮ್ಮ ಆದಾಯ ಅಲ್ಲ, ಅಲ್ವಾ? ಗುತ್ತಿಗೆ ಹೊಲ ಮಾಡುವವರು ಗುತ್ತಿಗೆಯನ್ನೂ ಖರ್ಚಿಗೇ ಸೇರಿಸಿ. ಮಾರದೆ ಮನೆಗೆ ಇಟ್ಟುಕೊಂಡ ಚೀಲಗಳನ್ನು ಮಾತ್ರ ಆದಾಯಕ್ಕೆ ಸೇರಿಸಲು ಮರೆಯಬೇಡಿ.

ತೆಗೆದಿಡುವುದು, ಕೊಡುವುದು

ದುಡ್ಡು ಬಂದ ದಿನವೇ ಕವರಿಗೆ ಹಾಕಿ, ಮೇಲೆ ತಿಂಗಳು ಬರೆದು, ಬೈಬಲ್ ಇಡುವ ಕಡೆಯೇ ಇಡಿ. ದಲಾಲಿ ಅಂಗಡಿಯ ಪಟ್ಟಿ ಕೈಗೆ ಬಂದ ಸಂಜೆಯೇ ಈ ಕೆಲಸ ಆಗಿಬಿಡಬೇಕು. ಎರಡು ದಿನ ತಡೆದರೆ ಹಣ ಬೇರೆ ದಾರಿ ಹಿಡಿಯುತ್ತದೆ. ಭಾನುವಾರ ಕವರನ್ನು ಮಕ್ಕಳ ಕೈಯಲ್ಲಿ ಕೊಟ್ಟು ಕಾಣಿಕೆ ಚೀಲಕ್ಕೆ ಹಾಕಿಸಿ. ಫೋನ್‌ಪೇ ಮಾಡುವುದಾದರೆ ಸಭೆಯ ಹೆಸರಿನ ಖಾತೆಗೇ ಮಾಡಿ.

ಧಾನ್ಯವಾಗಿಯೂ ಕೊಡಬಹುದು. ಸುಗ್ಗಿ ಹಬ್ಬ ಮಾಡುವ ಸಭೆಗಳಲ್ಲಿ ಜೋಳ, ಭತ್ತ, ಕುಂಬಳಕಾಯಿ, ಮೊಟ್ಟೆ, ನಾಟಿ ಕೋಳಿ ಎಲ್ಲ ಬರುತ್ತವೆ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ಕುಂಬಳಕಾಯಿಯನ್ನು ಕೊಂಡವರು ಹಣ ಕೊಟ್ಟು, ಕಾಯಿಯನ್ನು ಮತ್ತೆ ಹರಾಜಿಗೇ ಬಿಟ್ಟುಕೊಡುತ್ತಾರೆ. ಇನ್ನೊಬ್ಬರು ಕೂಗುತ್ತಾರೆ. ಒಂದೇ ಕಾಯಿ ಮೂರು ನಾಲ್ಕು ಕೈ ದಾಟುತ್ತದೆ, ಕೂಗುವವರ ಗಂಟಲು ಕಟ್ಟುತ್ತದೆ, ಹುಡುಗರಿಗೆ ಭಾರಿ ಖುಷಿ. ಕೊಡುವುದರಲ್ಲಿ ಎಷ್ಟು ಸಂತೋಷ ಇದೆ ಅಂತ ಮಕ್ಕಳು ಪ್ರಸಂಗಕ್ಕಿಂತ ಅಲ್ಲೇ ಬೇಗ ಕಲಿಯುತ್ತಾರೆ.

ಎಲ್ಲವನ್ನೂ ಸಭೆಗೇ ಕೊಡಬೇಕೇ? ಸಭಾಪಾಲಕರ ಜೀವನ, ಗುಡಿಯ ಖರ್ಚು ನಡೆಯಬೇಕು, ಹಾಗಾಗಿ ಮೊದಲು ಅಲ್ಲಿಗೇ. ಆದರೆ ಮೂರನೇ ವರ್ಷದ ಆ ನಿಯಮ ನೆನಪಿಟ್ಟು, ನಿಮ್ಮ ಓಣಿಯ ವಿಧವೆಯ ಮನೆಗೆ ರೇಷನ್ನು, ಓದು ನಿಂತ ಹುಡುಗಿಯ ಫೀಸು ಎಂದು ಸಭೆಯ ಕಮಿಟಿಗೆ ಹೇಳಿ ಒಂದು ಪಾಲು ಎತ್ತಿಡಿಸಿ.

ಇವನ್ನು ಮಾಡಬೇಡಿ

ಬಡ್ಡಿಗೆ ಸಾಲ ತಂದು ದಶಮಾಂಶ ಕೊಡಬೇಡಿ. ತಂದೆ ತಾಯಿಯ ಔಷಧಿ ನಿಲ್ಲಿಸಿಯೂ ಕೊಡಬೇಡಿ. ದೇವರಿಗೆ ಕೊಟ್ಟಿದ್ದೇವೆ ಎಂದು ಹೇಳಿ ಹೆತ್ತವರನ್ನು ಕೈಬಿಟ್ಟವರನ್ನು ಯೇಸು ಖಂಡಿಸಿದ್ದು ಮಾರ್ಕ 7ನೇ ಅಧ್ಯಾಯದಲ್ಲಿದೆ. ಕೊಟ್ಟರೆ ಹತ್ತರಷ್ಟು ವಾಪಸ್ ಬರುತ್ತದೆ ಎಂಬ ಮಾತು ನಂಬಿ ಕೊಡಬೇಡಿ, ಕೊಡದಿದ್ದರೆ ರೋಗ ಬರುತ್ತದೆ ಎಂದು ಹೆದರಿಸಿದರೆ ಹೆದರಬೇಡಿ. ಹತ್ತನೇ ಪಾಲು ಭಾರ ಅನ್ನಿಸಿದರೆ ನೂರಕ್ಕೆ ಎರಡರಿಂದ ಶುರು ಮಾಡಿ, ವರ್ಷ ವರ್ಷ ಏರಿಸುತ್ತ ಹೋಗಿ.

ರಸೀದಿ ಕೇಳಿ ಪಡೆಯಿರಿ. ಬರೀ ಸಭೆಗೆ ಕೊಟ್ಟ ಕಾಣಿಕೆಗೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದಾನಕ್ಕೆ ತೆರಿಗೆ ವಿನಾಯಿತಿಯ ನೋಂದಣಿ (80ಜಿ ಎಂದು ಹೆಸರಾದದ್ದು) ಇರುವ ಸೇವಾ ಸಂಸ್ಥೆಗೆ ಕೊಟ್ಟರೆ ಹಳೆ ತೆರಿಗೆ ಪದ್ಧತಿಯವರಿಗೆ ಸಿಗುತ್ತದೆ, ಅದೂ 2,000 ರೂಪಾಯಿ ದಾಟಿದ ನಗದಿಗೆ ಇಲ್ಲ. ವರ್ಷಕ್ಕೊಮ್ಮೆ ಖಜಾಂಚಿ ಜಮಾ ಖರ್ಚು ಓದುವ ದಿನ ತಪ್ಪದೆ ಹಾಜರಿರಿ, ತಿಳಿಯದ್ದನ್ನು ಕೇಳಿ.

ಕಾಲುವೆಗೆ ನೀರು ಬಿಡದೆ ಎರಡನೇ ಬೆಳೆ ಕೈತಪ್ಪಿದ ವರ್ಷ ಏನು ಮಾಡುವುದು? ನಿಯಮ ಇರುವುದು ಬೆಳೆದ ಬೆಳೆಗೆ. ಬೆಳೆಯೇ ಬರದಿದ್ದರೆ ಪಾಲೂ ಇಲ್ಲ, ಮುಂದಿನ ವರ್ಷಕ್ಕೆ ಬಾಕಿಯೂ ಇಲ್ಲ. ಅಂಥ ವರ್ಷ ಸಭೆಯ ಬಂಡಾರದಿಂದ ಒಂದು ಚೀಲ ಅಕ್ಕಿ ನಿಮ್ಮ ಮನೆಗೆ ಬಂದರೆ ಸಂಕೋಚವಿಲ್ಲದೆ ಇಳಿಸಿಕೊಳ್ಳಿ.