ಶಿಫಾರಸು ಪತ್ರದಿಂದಾಗದ ಕೆಲಸ

ಗ್ರಾಮೀಣ ಕ್ಷೇತ್ರದ ಶಾಸಕರ ಕಚೇರಿ ಮುಂದೆ ಬೆಳಿಗ್ಗೆ ಬಂದು ನಿಲ್ಲುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಸಾರ್, ಒಂದು ಲೆಟರ್ ಕೊಡಿ ಸಾಕು." ಲೆಟರ್‌ಹೆಡ್ಡಿನಲ್ಲಿ "ಅರ್ಜಿದಾರರ ಮನವಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು" ಎಂದು ಎರಡು ಸಾಲು ಬರೆದು ಸಹಿ ಹಾಕಿಸಿ ಕೊಟ್ಟರೆ ಬಂದವರಿಗೂ ಸಮಾಧಾನ, ಬಾಗಿಲಲ್ಲಿದ್ದ ಜನ ಕರಗಿತೆಂದು ಕಚೇರಿಗೂ ಸಮಾಧಾನ. ಆದರೆ ತಾಲ್ಲೂಕು ಕಚೇರಿಯಲ್ಲಿ ಆ ಎರಡು ಸಾಲಿಗೆ ಬೆಲೆ ತೀರಾ ಕಡಿಮೆ. ಅದೇ ಶಾಸಕರ ಅಂಥವೇ ಲೆಟರುಗಳು ಅಲ್ಲಿ ಕಟ್ಟುಗಟ್ಟಲೆ ಬಿದ್ದಿರುತ್ತವೆ. ಸೂಕ್ತ ಕ್ರಮ ಅಂದರೆ ಯಾವುದೆಂದು ಬರೆದವರಿಗೇ ಗೊತ್ತಿಲ್ಲದ ಮೇಲೆ ಓದುವ ಕೇಸ್ ವರ್ಕರಿಗೆ ಏನು ಗೊತ್ತಾಗಬೇಕು?

ಆಪ್ತ ಸಹಾಯಕನ ಮೇಜಿನಲ್ಲಿ ಕೂತು ನಾನು ಪಾಲಿಸಿಕೊಂಡು ಬಂದ ಕ್ರಮ ಇಷ್ಟು. ಲೆಟರ್ ಬರೆಯುವ ಮೊದಲು ಮೂರು ಸಂಗತಿ ತಿಳಿಯಬೇಕು. ಸಂಬಂಧಪಟ್ಟ ಕಚೇರಿಗೆ ಈಗಾಗಲೇ ಅರ್ಜಿ ಹೋಗಿದೆಯೇ, ಹೋಗಿದ್ದರೆ ಅದರ ನಂಬರೇನು? ಫೈಲು ಈಗ ಯಾರ ಮೇಜಿನಲ್ಲಿದೆ? ಆದೇಶ ಮಾಡುವ ಅಧಿಕಾರ ಯಾರಿಗಿದೆ? ಮೂರನೆಯದರಲ್ಲೇ ಎಲ್ಲರೂ ಎಡವುವುದು. ನಾಡಕಚೇರಿಯಲ್ಲಿ ಮುಗಿಯುವ ಕೆಲಸಕ್ಕೆ ಡಿಸಿಗೆ ಪತ್ರ ಬರೆದರೆ ಅದು ಜಿಲ್ಲಾ ಕಚೇರಿಯಿಂದ ಉಪವಿಭಾಗಾಧಿಕಾರಿಗೆ (ಎಸಿ), ಎಸಿಯಿಂದ ತಹಶೀಲ್ದಾರರಿಗೆ, ಅಲ್ಲಿಂದ ಉಪತಹಶೀಲ್ದಾರರಿಗೆ ಇಳಿದು ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ದೊಡ್ಡವರಿಗೆ ಬರೆದಷ್ಟೂ ಕೆಲಸ ಬೇಗ ಆಗುತ್ತದೆಂಬುದು ಜನರ ನಂಬಿಕೆ ಮಾತ್ರವಲ್ಲ, ಎಷ್ಟೋ ಶಾಸಕರ ನಂಬಿಕೆಯೂ ಹೌದು.

ಅರ್ಜಿಯೇ ಹೋಗಿಲ್ಲದಿದ್ದರೆ ಲೆಟರ್ ಬೇಡ, ಮೊದಲು ಅರ್ಜಿ ಹಾಕಿಸಬೇಕು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಸಿಗುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಹೆಸರಿಗಿಂತ ಮುಖ್ಯ ಕಾಲಂ ಅದೇ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆ ದುಡ್ಡಿಗಾಗಿ ಯಾರೂ ಬರುವುದಿಲ್ಲ. ಆದರೆ ಗಡುವು ಮೀರಿದ ಸಂಖ್ಯೆಯನ್ನು ಪತ್ರದ ಮೊದಲ ಸಾಲಿನಲ್ಲೇ ಬರೆದರೆ, ಹೊಣೆ ತನ್ನ ಹೆಸರಿನ ಮೇಲಿದೆ ಎಂಬುದು ಓದುವ ಅಧಿಕಾರಿಗೆ ತಕ್ಷಣ ಹೊಳೆಯುತ್ತದೆ. ಕೈಬರಹದ ಅರ್ಜಿಯಾದರೆ ಎರಡು ಪ್ರತಿ ಬರೆಸಿ, ಒಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬರಲು ಹೇಳಿ ಕಳಿಸಬೇಕು. 2005ರ ನರೇಗಾ ಕಾಯ್ದೆ ಎಲ್ಲರಿಗೂ ಕಲಿಸಿದ ಪಾಠವಿದು. ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂದು ಅದರಲ್ಲಿ ಬರೆದಿತ್ತು. ಆದರೆ ನಮೂನೆ 6ರಲ್ಲಿ ಬೇಡಿಕೆ ಕೊಟ್ಟು ತಾರೀಖಿನ ರಸೀದಿ ಪಡೆದವರು ಮಾತ್ರ ಆ 15 ದಿನ ಎಣಿಸಬಲ್ಲವರಾಗಿದ್ದರು. ಪಂಚಾಯ್ತಿ ಕಟ್ಟೆ ಮೇಲೆ ಬಾಯಲ್ಲಿ ಕೇಳಿದ್ದಕ್ಕೆ ತಾರೀಖೇ ಇಲ್ಲ.

ನಿಂತುಹೋದ ಪಿಂಚಣಿಯ ದೂರುಗಳು ಎಲ್ಲಕ್ಕಿಂತ ಹೆಚ್ಚು. ವೃದ್ಧರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದ 1,200 ರೂಪಾಯಿ ನಾಲ್ಕು ತಿಂಗಳಿಂದ ಬಂದಿಲ್ಲ ಎಂದು ಅಜ್ಜಿ ಪಾಸ್‌ಬುಕ್ ಹಿಡಿದು ಬಂದರೆ ತಹಶೀಲ್ದಾರರಿಗೆ ಫೋನ್ ಮಾಡುವುದು ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಅಜ್ಜಿಯ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು. ಹಣ ಹೋಗುವುದು ಆ ಖಾತೆಗೇ ಹೊರತು ಕೈಯಲ್ಲಿರುವ ಪಾಸ್‌ಬುಕ್ಕಿನ ಖಾತೆಗಲ್ಲ. ಸ್ತ್ರೀಶಕ್ತಿ ಸಂಘದ ಸಾಲಕ್ಕೋ ಗ್ಯಾಸ್ ಸಬ್ಸಿಡಿಗೋ ತೆರೆದ ಇನ್ನೊಂದು ಖಾತೆಯಲ್ಲಿ ಅಷ್ಟೂ ತಿಂಗಳ ಹಣ ಕೂತಿರುವುದುಂಟು. ಅಲ್ಲೂ ಇಲ್ಲದಿದ್ದರೆ ಮಂಜೂರಾತಿ ಆದೇಶದ ಹೆಸರಿಗೂ ಆಧಾರ್ ಹೆಸರಿಗೂ ತಾಳೆ ನೋಡಬೇಕು. ಕೊನೆಗೆ, ಪಟ್ಟಿಯಲ್ಲಿ "ಮರಣ" ಎಂದು ಗುರುತಾಗಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಬೇಕು. ಹಾಗೆ ಆಗಿದ್ದರೆ ಆಕೆ ಬದುಕಿದ್ದಾಳೆಂದು ಸ್ಥಳ ಪರಿಶೀಲನೆಯ ವರದಿ ಬೇಕು. ಶಾಸಕರು ಎಷ್ಟೇ ಗಟ್ಟಿಯಾಗಿ ಫೋನಿನಲ್ಲಿ ಗದರಿದರೂ ಆ ವರದಿ ತಾನಾಗಿ ಹುಟ್ಟುವುದಿಲ್ಲ.

ಇವೆಲ್ಲ ಬೇರೆಯವರ ಮೇಜಿನ ಕೆಲಸ. ಬಗರ್ ಹುಕುಂ, ಅಂದರೆ ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಸಕ್ರಮ ಮಾಡಿಕೊಡುವ ಕೆಲಸ, ಹಾಗಲ್ಲ, ಅದು ಶಾಸಕರದೇ ಮೇಜು. ಸಕ್ರಮೀಕರಣ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಸಭೆ ಕರೆಯದಿದ್ದರೆ ದೂರಲು ಬೇರೆ ಯಾರೂ ಇಲ್ಲ. ಭೂಹೀನ ಕೂಲಿಯವರಿಗೆ, ಒಂದೆರಡು ಎಕರೆಯವರಿಗೆ ಶಾಸಕರು ನೇರವಾಗಿ ಮಾಡಿಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದಿಲ್ಲ, ಹಾಗೆಯೇ ಇದಕ್ಕಿಂತ ಸುಲಭವಾಗಿ ಕೆಡುವುದೂ ಇಲ್ಲ.

ಅರ್ಜಿಗಳು ನಮೂನೆ 50, 53, 57 ಎಂದು ಮೂರು ಕಾಲಘಟ್ಟದವು. ಸಾಮಾನ್ಯವಾಗಿ ಅವನ್ನು ಅರ್ಜಿದಾರರ ಹೆಸರಿನ ಮೇಲೆ, ಇಲ್ಲವೇ ಒತ್ತಡ ಹಾಕಿದವರ ಹೆಸರಿನ ಮೇಲೆ, ಸಭೆಗೆ ತರುತ್ತಾರೆ. ಗಂಟು ಬೀಳುವುದು ಅಲ್ಲೇ. ಗ್ರಾಮವಾರು, ಅದರೊಳಗೆ ಸರ್ವೆ ನಂಬರುವಾರು ಜೋಡಿಸಿಕೊಂಡರೆ ಮಾತ್ರ ಚಿತ್ರ ಕಾಣುತ್ತದೆ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 40 ಎಕರೆ, ಅದರ ಮೇಲೆ ಬಂದ ಅರ್ಜಿಗಳನ್ನೆಲ್ಲ ಕೂಡಿದರೆ 95 ಎಕರೆ, ಇಂಥ ಲೆಕ್ಕಗಳು ಸಿಗುತ್ತವೆ. ಮೊದಲ ಹತ್ತು ಜನಕ್ಕೆ ಮಂಜೂರು ಮಾಡಿ, ಆಮೇಲೆ ಅಳತೆಗೆ ಹೋದರೆ ಹನ್ನೊಂದನೆಯವನ ಗುಡಿಸಲು ಹತ್ತನೆಯವನ ಸಾಗುವಳಿ ಚೀಟಿಯೊಳಗೆ (ಮಂಜೂರಾತಿ ಪತ್ರದ ಜಮೀನಿನೊಳಗೆ) ಬಿದ್ದಿರುತ್ತದೆ. ಆದ್ದರಿಂದ ಒಂದು ಸರ್ವೆ ನಂಬರಿನ ಅಷ್ಟೂ ಅರ್ಜಿಗಳ ಸ್ಕೆಚ್ಚು, ಸ್ಥಳ ಮಹಜರು ಒಟ್ಟಿಗೆ ಬರುವವರೆಗೆ ಆ ನಂಬರನ್ನು ಸಭೆಗೆ ತರಬಾರದು. ಈ ಬಿಗಿಗೆ ಮೊದಲ ಎರಡು ಸಭೆಯಲ್ಲಿ ಬೈಗುಳ ಸಿಗುತ್ತದೆ.

ಸ್ಕೆಚ್ಚು ಬರುವ ಮೊದಲೇ ಕಚೇರಿಯಲ್ಲಿ ಕೂತು ಜರಡಿ ಹಿಡಿಯಬಹುದಾದದ್ದು ಬಹಳ ಇದೆ. ನಮೂನೆ 57ಕ್ಕೆ 2005ರ ಜನವರಿ 1ಕ್ಕೆ ಮುಂಚಿನಿಂದ ಸಾಗುವಳಿ ಇರಬೇಕು. ಅರ್ಜಿದಾರರ ಹುಟ್ಟಿದ ವರ್ಷ 1998 ಎಂದಿದ್ದರೆ ಏಳು ವರ್ಷವೂ ತುಂಬದ ಹುಡುಗ ಉಳುಮೆ ಮಾಡಿದಂತಾಯಿತು. ಅಂಥದರ ಹಿಂದೆ ಸಾಮಾನ್ಯವಾಗಿ ತಂದೆಯ ನಿಜವಾದ ಸಾಗುವಳಿ ಇರುತ್ತದೆ, ಅರ್ಜಿ ಮಾತ್ರ ತಪ್ಪು ಹೆಸರಲ್ಲಿ ಬಿದ್ದಿರುತ್ತದೆ. ತಂದೆಯ ಹೆಸರಲ್ಲಿ ಹಳೆಯ ನಮೂನೆ 50 ಅಥವಾ 53 ಇದೆಯೇ ಎಂದು ಮೊದಲು ಹುಡುಕಿ, ಆಮೇಲೆ ತಿರಸ್ಕಾರದ ಮಾತಾಡಬೇಕು. ಈಗಾಗಲೇ ಇರುವ ಜಮೀನೂ ಸೇರಿ 4 ಎಕರೆ 38 ಗುಂಟೆ ಮೀರುವಂತಿಲ್ಲ, ಹಾಗಾಗಿ ಕುಟುಂಬದ ಪಹಣಿಗಳನ್ನೆಲ್ಲ ತೆಗೆಸಿ ನೋಡಬೇಕು. ಗಂಡ, ಹೆಂಡತಿ, ಮಗ ಒಂದೇ ತುಂಡಿಗೆ ಮೂರು ಅರ್ಜಿ ಹಾಕಿದ್ದರೆ ಒಂದನ್ನು ಉಳಿಸಿಕೊಂಡು ಉಳಿದವನ್ನು ಹಿಂಪಡೆಯಲು ಅವರಿಂದಲೇ ಬರೆಸಿಕೊಳ್ಳುವುದು ಲೇಸು. ನಗರದ ಮಿತಿಯಿಂದ ಇಂತಿಷ್ಟು ಕಿಲೋಮೀಟರ್ ಒಳಗಿನ ಜಾಗಕ್ಕೆ ಮಂಜೂರಾತಿ ಇಲ್ಲ. ಆ ದೂರ ಪಟ್ಟಣಕ್ಕೊಂದು, ನಗರಸಭೆಗೊಂದು, ಮಹಾನಗರ ಪಾಲಿಕೆಗೊಂದು. ಊರು ಬೆಳೆದು ಪಟ್ಟಣ ಪಂಚಾಯಿತಿ ಪುರಸಭೆಯಾದರೆ ನಿನ್ನೆ ಅರ್ಹವಾಗಿದ್ದ ಅರ್ಜಿ ಇವತ್ತು ಬಿದ್ದುಹೋಗುತ್ತದೆ. ಸಭೆ ತಡವಾದರೆ ಬಡವರಿಗೆ ಆಗುವ ನಷ್ಟ ಇದು.

ಊರಿನ ದನ ಮೇಯಲು ಬಿಟ್ಟ ಗೋಮಾಳದ ಲೆಕ್ಕವೂ ಕಚೇರಿಯಲ್ಲೇ ಆಗುವಂಥದ್ದು. ನೂರು ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಪಶುಪಾಲನಾ ಇಲಾಖೆಯ ಗಣತಿಯಲ್ಲಿ ಊರಿನ ದನ 240 ಎಂದಿದ್ದರೆ 72 ಎಕರೆ ಮುಟ್ಟುವಂತಿಲ್ಲ. ಗೋಮಾಳ 80 ಎಕರೆಯಾದರೆ ಹಂಚಲು ಉಳಿಯುವುದು 8. ಇಪ್ಪತ್ತು ಅರ್ಜಿ ಇಟ್ಟುಕೊಂಡವರಿಗೆ ಈ 8ರ ಸಂಗತಿಯನ್ನು ಆರಂಭದಲ್ಲೇ ಊರಿಗೆ ಹೋಗಿ ಹೇಳಬೇಕು. ನೋಡೋಣ ಎಂದು ಐದು ವರ್ಷ ತಳ್ಳಿ ಚುನಾವಣೆಯ ಮುಂಚೆ ಮಂಜೂರು ಮಾಡಿದ್ದು ಎಸಿ ಕೋರ್ಟಿನಲ್ಲಿ ರದ್ದಾದರೆ, ಅಷ್ಟರಲ್ಲಿ ಆ ಮನುಷ್ಯ ಚೀಟಿ ನಂಬಿ ಬೋರ್‌ವೆಲ್ ಕೊರೆಸಿರುತ್ತಾನೆ.

ಸಾಗುವಳಿ ಚೀಟಿ ಕೊಟ್ಟ ದಿನ ಫೋಟೋ ತೆಗೆಸಿಕೊಂಡು ಕೆಲಸ ಮುಗಿಯಿತೆಂದು ಫೈಲು ಕಟ್ಟಿಡುವ ಕಚೇರಿಗಳೇ ಹೆಚ್ಚು. ಚೀಟಿಯ ನಂತರ ಮ್ಯುಟೇಷನ್ ಆಗಿ ಪಹಣಿಗೆ ಹೆಸರು ಬರಬೇಕು, ಆಮೇಲೆ ಪೋಡಿಯಾಗಿ, ಅಂದರೆ ಅಳತೆ ಮಾಡಿ ತುಂಡು ಬೇರೆಯಾಗಿ, ಸ್ವಂತ ಹಿಸ್ಸಾ ನಂಬರ್ ಸಿಗಬೇಕು. ಪೋಡಿಯಾಗದ ಪಹಣಿಯಲ್ಲಿ ಮೂವತ್ತು ಜನರ ಹೆಸರು ಒಟ್ಟಿಗೆ ಇರುತ್ತದೆ, ಅದನ್ನು ನೋಡಿದ ಬ್ಯಾಂಕು ಸಾಲ ಕೊಡಲು ಹಿಂದೇಟು ಹಾಕುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಚೀಟಿ, ಮ್ಯುಟೇಷನ್, ಪೋಡಿ ಮೂರಕ್ಕೂ ಬೇರೆ ಬೇರೆ ತಾರೀಖಿನ ಕಾಲಂ ಇರುತ್ತಿತ್ತು. ಮೂರನೆಯದು ತುಂಬುವವರೆಗೆ ಮುಗಿಯಿತೆಂದು ಆ ಸಾಲಿಗೆ ಕೆಂಪು ಗೆರೆ ಎಳೆಯುವಂತಿರಲಿಲ್ಲ.

ಕಲ್ಯಾಣ ಮಂಡಳಿಯ ಸೌಲಭ್ಯಕ್ಕೆ ಬೇಕಾದ ಕಟ್ಟಡ ಕಾರ್ಮಿಕರ ಕಾರ್ಡಿನ ತಾಪತ್ರಯ ಬೇರೆ ಬಗೆಯದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಗಾರೆ ಕೆಲಸದವರು, ಸೆಂಟ್ರಿಂಗಿನವರು ಒಂದೇ ವರ್ಷದಲ್ಲಿ ಎಂಟು ಮೇಸ್ತ್ರಿಗಳ ಕೈಕೆಳಗೆ ದುಡಿದಿರುತ್ತಾರೆ. ಯಾವ ಮೇಸ್ತ್ರಿಯೂ 90 ದಿನಕ್ಕೆ ಸಹಿ ಹಾಕಲು ತಯಾರಿಲ್ಲ. ಅತ್ತ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟರೆ ಎಂಥ ದೃಢೀಕರಣವೂ ತಯಾರು. ಹೀಗೆ ಬೋಗಸ್ ಕಾರ್ಡು ತುಂಬಿ, ಇಲಾಖೆ ಕಾರ್ಡು ರದ್ದು ಮಾಡಲು ಹೊರಟಾಗ ಮೊದಲು ಹಾರಿಹೋಗುವುದು ಕಾಗದ ಸರಿಯಿಲ್ಲದ ಅಸಲಿ ಕೂಲಿಯವರದೇ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಕಟ್ಟಡದ ಜಾಗ, ಮಾಲೀಕರ ಅಥವಾ ಮೇಸ್ತ್ರಿಯ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಂಡು ಆಯಾ ಕೆಲಸ ಮುಗಿದ ದಿನವೇ ಸಹಿ ಮಾಡಿಸಿಕೊಳ್ಳಲು, ಕೂಲಿಯವರು ಬೆಳಿಗ್ಗೆ ಸೇರುವ ಅಡ್ಡೆಯಲ್ಲೇ ನಿಂತು ಹೇಳಿಕೊಡಬೇಕು. ನೋಟ್‌ಬುಕ್ಕೇ ಪ್ರಮಾಣಪತ್ರವಲ್ಲ. ಆದರೆ ಕಾರ್ಮಿಕ ನಿರೀಕ್ಷಕರು ತನಿಖೆಗೆ ಬಂದಾಗ ಕೇಳುವುದು ಅದರಲ್ಲಿರುವುದನ್ನೇ.

ಕುಡಿಯುವ ನೀರಿನ ದೂರಿಗೆ ಭಾಗಾಕಾರ ಗೊತ್ತಿದ್ದರೆ ಸಾಕು. ಜಲ ಜೀವನ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. 800 ಜನರ ಊರಿಗೆ 44,000 ಲೀಟರ್. ಬೋರು ಗಂಟೆಗೆ 6,000 ಲೀಟರ್ ಎತ್ತುವುದಾದರೆ ಏಳೂಕಾಲು ಗಂಟೆಗೂ ಮೀರಿ ಮೂರು ಫೇಸ್ ಕರೆಂಟು ಬೇಕು. ಐದೇ ಗಂಟೆ ಸಿಗುತ್ತಿದ್ದರೆ ಇದು ನೀರಿನ ಹೆಸರಲ್ಲಿ ಬಂದ ಕರೆಂಟಿನ ದೂರು. ಹೊಸ ಬೋರ್‌ವೆಲ್ ಕೊರೆಸುವ ಮುಂಚೆ ವಿದ್ಯುತ್ ಕಂಪನಿಯ ಎಇಇಯನ್ನು (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಕೂರಿಸಿಕೊಂಡು ಮಾತಾಡಬೇಕು. ಮಾತಾಡುವ ಜಾಗ, ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆ. ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲೇ ನಡೆಯುವ ಸಭೆಯದು. ಅಲ್ಲಿ ಇಲಾಖೆಗಳು ಶೇಕಡಾವಾರು ಪ್ರಗತಿ ಓದಲು ಶುರು ಮಾಡುವ ಮೊದಲು ಹಿಂದಿನ ಸಭೆಯ ಅನುಪಾಲನಾ ವರದಿ (ಹೇಳಿದ್ದರಲ್ಲಿ ಏನೇನು ಆಯಿತೆಂಬ ವರದಿ) ಎತ್ತಿಕೊಳ್ಳಬೇಕು. ಇಲ್ಲವಾದರೆ ಊಟದ ಹೊತ್ತಿಗೆ ಸಭೆ ಮುಗಿದಿರುತ್ತದೆ, ಹಳೆಯ ಮಾತು ಹಾಗೇ ಉಳಿದಿರುತ್ತದೆ.

ತಾಲ್ಲೂಕಿನಲ್ಲಿ ಬಗೆಹರಿಯದ್ದನ್ನು ಸದನಕ್ಕೆ ಒಯ್ಯುವುದೂ ಒಂದು ಕಸುಬು. ಶೂನ್ಯ ವೇಳೆಯಲ್ಲಿ ಎದ್ದು ಮಾತಾಡಿದ್ದು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಅಂಕಿಅಂಶ ಕೈಗೆ ಬರುವುದಿಲ್ಲ. ಅಂಕಿ ಬೇಕಾದರೆ ಪ್ರಶ್ನೆಯೇ ಹಾಕಬೇಕು, ಅದರಲ್ಲೂ ಅಧಿವೇಶನದ ದಿನಾಂಕ ಹೊರಬಿದ್ದ ಕೂಡಲೇ. ಪ್ರಶ್ನೆಯನ್ನು ಅ, ಆ, ಇ ಎಂದು ಒಡೆದು ಬರೆಯುವುದು ರೂಢಿ. "ಬಗರ್ ಹುಕುಂ ಅರ್ಜಿಗಳು ಬಾಕಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ "ಬಂದಿದೆ" ಎಂಬ ಒಂದೇ ಪದದ ಉತ್ತರ ಬರುತ್ತದೆ. "ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?" ಎಂದರೆ "ಪರಿಶೀಲನೆಯಲ್ಲಿದೆ." ಮೊದಲನೆಯದಕ್ಕೆ "ಇಲ್ಲ" ಎಂದುಬಿಟ್ಟರಂತೂ ಉಳಿದವಕ್ಕೆಲ್ಲ "ಉದ್ಭವಿಸುವುದಿಲ್ಲ." ಹಾಗಾಗಿ ಹೌದು, ಇಲ್ಲ ಎಂದು ತಪ್ಪಿಸಿಕೊಳ್ಳಲು ಆಗದ ಹಾಗೆ ಕೇಳಬೇಕು: ನಮೂನೆವಾರು ಸ್ವೀಕೃತವಾದ ಅರ್ಜಿಗಳೆಷ್ಟು, ತಿರಸ್ಕೃತವಾದವು ಯಾವ ಯಾವ ಕಾರಣಕ್ಕೆ ಎಷ್ಟೆಷ್ಟು, ಚೀಟಿ ನೀಡಿದ ನಂತರವೂ ಪೋಡಿಯಾಗದೆ ಉಳಿದವೆಷ್ಟು (ಹೋಬಳಿವಾರು ವಿವರ ನೀಡುವುದು). ಆ ಬ್ರಾಕೆಟ್ಟಿನೊಳಗಿನ ಮೂರು ಪದ ಬಿಟ್ಟರೆ ರಾಜ್ಯದ ಒಟ್ಟು ಸಂಖ್ಯೆಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಚುಕ್ಕೆಯಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಶಾಸಕರಿಗೆಲ್ಲ ಚುಕ್ಕೆಯದೇ ಆಸೆ. ಬರೀ ಪಟ್ಟಿ ಬೇಕಿದ್ದರೆ ಚುಕ್ಕೆಯಿಲ್ಲದ್ದೇ ಮೇಲು, ಅನುಬಂಧ ಸಮೇತ ಬರುತ್ತದೆ. ಆ ಅನುಬಂಧವನ್ನು ಹೋಬಳಿಗೆ ಒಯ್ದು ನಮ್ಮ ರಿಜಿಸ್ಟರಿನ ಜೊತೆ ತಾಳೆ ಹಾಕಿದಾಗಲೇ ಅಸಲು ಕೆಲಸ ಶುರು. ಮಂತ್ರಿಗಳು ಸದನದಲ್ಲಿ "ಮೂರು ತಿಂಗಳೊಳಗೆ ಕ್ರಮ ಕೈಗೊಳ್ಳಲಾಗುವುದು" ಎಂದಿದ್ದರೆ ನಡವಳಿಯಲ್ಲಿ ಆ ಸಾಲು ಹುಡುಕಿ, ತಾರೀಖು ಸಮೇತ ಸರ್ಕಾರಿ ಭರವಸೆಗಳ ಸಮಿತಿಯ ಗಮನಕ್ಕೆ ತರಬೇಕು. ಮಾತು ಕೊಟ್ಟ ಮಂತ್ರಿಯ ಖಾತೆ ಬದಲಾದರೂ ಸಮಿತಿಯ ಪಟ್ಟಿಯಲ್ಲಿ ಅದು ಇಲಾಖೆಯ ಬಾಕಿಯಾಗಿಯೇ ಇರುತ್ತದೆ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ಬಗ್ಗೆ ಜನರ ಕಲ್ಪನೆ ದೊಡ್ಡದು, ಮೊತ್ತ ವರ್ಷಕ್ಕೆ 2 ಕೋಟಿ. ಇನ್ನೂರು ಊರು, ಹಟ್ಟಿ, ತಾಂಡಾ ಇರುವ ಕ್ಷೇತ್ರಕ್ಕೆ ಸಮನಾಗಿ ಹಂಚಿದರೆ ತಲಾ 1 ಲಕ್ಷ, ಅದರಲ್ಲಿ ಗಟ್ಟಿಯಾಗಿ ನಿಲ್ಲುವಂಥದ್ದು ಏನೂ ಆಗುವುದಿಲ್ಲ. ಸಮುದಾಯ ಭವನಕ್ಕೆ ಬೇಡಿಕೆ ಬಂದರೆ ಅಂದಾಜು ಪಟ್ಟಿಗಿಂತ ಮುಂಚೆ ಕೇಳಬೇಕಾದ್ದು ಎರಡು. ಜಾಗದ ಖಾತೆ ಯಾರ ಹೆಸರಲ್ಲಿದೆ? ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ? ಜಾಗ ದಾನ ಕೊಟ್ಟೆ ಎಂದು ಸಭೆಯಲ್ಲಿ ಹೇಳಿದವರ ಮಕ್ಕಳು ಪಾಯ ತೆಗೆದ ದಿನ ಬಂದು ಅಡ್ಡ ಮಲಗುವುದು ಅಪರೂಪವಲ್ಲ. ದಾನಪತ್ರ ನೋಂದಣಿಯಾಗಿ ಖಾತೆ ಪಂಚಾಯ್ತಿ ಹೆಸರಿಗೆ ಬಂದ ಮೇಲೇ ಡಿಸಿಗೆ ಪ್ರಸ್ತಾವನೆ ಕಳಿಸಬೇಕು. ಬಿಲ್ಲಿನ ಪ್ರಶ್ನೆಗೆ ಪಿಡಿಒ "ನೋಡೋಣ ಸಾರ್" ಅಂದರೆ, ಪಂಚಾಯ್ತಿಯ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿಸಿ ಅದರ ಪ್ರತಿಯನ್ನು ಪ್ರಸ್ತಾವನೆಗೆ ಲಗತ್ತಿಸಿಕೊಳ್ಳಬೇಕು.